ಪವರ್ ಲಾಂಡ್ರಿಗೆ ಕೊಟ್ಟ ಶರ್ಟು

೧೯೮೪ರ ಮಾತು. ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಎಂಜಿನಿಯರ್ ಆಗಿದ್ದ ನಾನು ನೌಕರಿ ಬಿಟ್ಟು, ಜಯನಗರದ ಮನೆಯ ವರಾಂಡದಲ್ಲಿ ‘ಯಂತ್ರೋಪಕರಣಗಳ ಮೌಲ್ಯಮಾಪಕರು’ ಎಂಬ ಬೋರ್ಡು ತೂಗುಹಾಕಿ ಕುಳಿತಿದ್ದೆ. ಹಳೆಯ ಯಂತ್ರ ಕೊಳ್ಳುವವರಿಗೆ ಅದರ ನಿಜವಾದ ಯೋಗ್ಯತೆ ತಿಳಿಸುವುದು ನನ್ನ ಕಸುಬು. ಬೋರ್ಡು ಓದಿ ಹೊಲಿಗೆ ಯಂತ್ರ ರಿಪೇರಿಗೆ ತಂದವರೇ ಹೆಚ್ಚು.

ಮುನಿಸ್ವಾಮಪ್ಪನವರು ಬಂದದ್ದು ಬೇಸಿಗೆಯಲ್ಲಿ. ಅವರ ರಾಗಿ ಹೊಲ ಜೆ.ಪಿ. ನಗರದ ಬಡಾವಣೆಯೊಳಗೆ ಸೇರಿಹೋಗಿ, ಪರಿಹಾರದ ಹಣ ಬ್ಯಾಂಕಿನಲ್ಲಿತ್ತು. ಅದಷ್ಟನ್ನೂ ಹಾಕಿ ಜಯನಗರದ ಒಂದು ಪವರ್ ಲಾಂಡ್ರಿ ಕೊಳ್ಳಬೇಕೆಂದಿದ್ದರು. ಅದು ಮುಳುಗಿದರೆ ಆ ಮನೆಗೆ ಬೇರೆ ಆಧಾರವಿರಲಿಲ್ಲ.

“ಬಟ್ಟೆ ಕೊಳೆ ಆಗೋದು ನಿಲ್ಲಲ್ವಲ್ಲ ಸಾರ್,” ಎಂದರು. ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ವಾಕ್ಯವನ್ನು ನಾನು ಕೇಳಿರಲಿಲ್ಲ.

ಲಾಂಡ್ರಿಯ ಮಾಲೀಕರು ಬಲು ಸಜ್ಜನರು. ನಾವಿಬ್ಬರೂ ನೋಡಲು ಹೋದಾಗ ಬಾದಾಮಿ ಹಾಲು ತರಿಸಿದರು. ಬಟ್ಟೆ ಒಗೆಯುವ ದೊಡ್ಡ ಡ್ರಮ್, ನೀರು ಹಿಂಡುವ ಯಂತ್ರ, ಸ್ಟೀಮ್ ಪ್ರೆಸ್, ಅದಕ್ಕೆ ಹಬೆ ಕೊಡುವ ಸಣ್ಣ ಬಾಯ್ಲರ್ ಎಲ್ಲವನ್ನೂ ನಡೆಸಿ ತೋರಿಸಿದರು. ಒಂದಕ್ಕೂ ಕೆಮ್ಮಿಲ್ಲ, ನೆಗಡಿಯಿಲ್ಲ. ಕಪಾಟುಗಳ ತುಂಬ ಗಿರಾಕಿಗಳ ಬಟ್ಟೆ. ಆದರೂ ಒಗೆತ ಹೇಗಿದೆ ನೋಡೋಣವೆಂದು ನನ್ನದೊಂದು ಬಿಳಿ ಶರ್ಟನ್ನು ಭಾವಮೈದುನನ ಕೈಲಿ ಅಲ್ಲಿಗೆ ಕೊಡಿಸಿದೆ. ನಾನು ಇದನ್ನು ಗುಪ್ತ ಪರೀಕ್ಷೆ ಎಂದೆ; ಮನೆಯಲ್ಲಿ ದುಂದು ಎಂದರು.

ಶರ್ಟು ಲಾಂಡ್ರಿಯಿಂದ ಭಾವಮೈದುನನ ಕೈಗೆ ಬರುವ ಬದಲು ನೇರ ನಮ್ಮ ಮನೆಗೇ ಬಂತು. ತಂದವನು ಸಿದ್ದಾಪುರದ ಹನುಮಯ್ಯ, ಮೊದಲಿನಿಂದಲೂ ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ದೋಬಿ. ದೋಬಿಗಳು ಪ್ರತಿ ಮನೆಯ ಬಟ್ಟೆಗೂ ಕಾಲರಿನ ಒಳಗೆ, ಒಗೆದರೂ ಹೋಗದ ಮಸಿಯಲ್ಲಿ, ಬೇರೆ ಬೇರೆ ಗುರುತು ಹಾಕುತ್ತಾರೆ. ನಮ್ಮದು ಎರಡು ಚುಕ್ಕಿ, ಒಂದು ಗೀಟು. ಗುಪ್ತ ಪರೀಕ್ಷೆಯ ಯೋಜನೆಯಲ್ಲಿ ಈ ಅಂಶ ಸೇರಿರಲಿಲ್ಲ.

“ಲಾಂಡ್ರಿ ಅಂಗಡಿಯವ್ರು ಒಗೆಯೋಕೆ ಕೊಟ್ಟ ಗಂಟಲ್ಲಿತ್ತು ಸ್ವಾಮಿ. ನಿಮ್ಮನೆ ಗುರುತು ಕಂಡು ಇಲ್ಗೇ ತಂದೆ,” ಎಂದವನು ಶರ್ಟನ್ನು ನನ್ನ ಕೈಗೆ ಕೊಡದೆ ಕುರ್ಚಿಯ ಮೇಲಿಟ್ಟ. “ನನ್ ಒಗೆತದಲ್ಲಿ ಏನ್ ಕಮ್ಮಿ ಆಗಿತ್ತು, ಬೇರೆ ಕಡೆ ಹಾಕೋಕೆ?”

ಅವನನ್ನು ಸಮಾಧಾನಪಡಿಸಿ, ಕಾಫಿ ಕೊಟ್ಟು ವಿಚಾರಿಸಿದೆ. ಯಂತ್ರಕ್ಕೆ ಬೇಕಾದಷ್ಟು ನೀರು ಆ ಬೀದಿಯ ನಲ್ಲಿಗಳಲ್ಲಿ ಬರುತ್ತಲೇ ಇರಲಿಲ್ಲ. ನಾವು ನೋಡಲು ಹೋದ ದಿನ ಟ್ಯಾಂಕರ್ ತರಿಸಿದ್ದರಂತೆ. ಮಿಕ್ಕಂತೆ ಅಂಗಡಿಯ ಬಟ್ಟೆಯೆಲ್ಲ ಹನುಮಯ್ಯ ಮತ್ತು ಅವನ ಅಣ್ಣತಮ್ಮಂದಿರ ಕಲ್ಲಿನ ಮೇಲೆ.

“ಅಂಗಡಿ ಕೈ ಬದಲಾದ್ರೂ ನೀನು ಒಗೆದು ಕೊಡ್ತೀಯಾ?”

“ಎಲ್ಲಿ ಸ್ವಾಮಿ? ಸಾಹುಕಾರ್ರು ಬನಶಂಕರೀಲಿ ಇನ್ನೊಂದು ತೆರೀತಾವ್ರೆ. ನಾವೂ ಅಲ್ಲಿಗೇ.”

ಅಂದರೆ ಮುನಿಸ್ವಾಮಪ್ಪನವರಿಗೆ ಸಿಗುವುದು ನೀರಿಲ್ಲದ ಯಂತ್ರ ಮತ್ತು ದೋಬಿಯಿಲ್ಲದ ಅಂಗಡಿ.

ಮಾರನೆಯ ದಿನ ಅವರ ಮನೆಗೇ ಹೋಗಿ, ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ವಿವರಿಸಿ, ಕೊಳ್ಳಬೇಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

“ತಾಂಬೂಲ ಬದಲಾಯಿಸ್ಕೊಂಡಾಗಿದೆ ಸಾರ್. ಎಲೆ ಅಡಿಕೆ ಹಿಡ್ದು ಮಾತು ಕೊಟ್ಟುಬಿಟ್ಟಿದೀನಿ.”

“ಯಾವಾಗ?”

“ನಿಮ್ಮ ಹತ್ರ ಬರೋಕೆ ಮುಂಚೆ.”

“ಮತ್ತೆ ನನ್ನನ್ನ ಯಾಕೆ ಕರೆದ್ರಿ?”

“ಎಂಜಿನಿಯರ್ರು ನೋಡಿ ಚೆನ್ನಾಗಿದೆ ಅಂದ್ರೆ ಇವಳು ರಾತ್ರಿ ನಿದ್ದೆ ಮಾಡ್ತಾಳೆ ಅಂತ.”

ಅವರ ಹೆಂಡತಿ ಲಕ್ಷ್ಮಮ್ಮ ಬಾಗಿಲ ಬಳಿಯೇ ನಿಂತಿದ್ದರು. ಗಂಡನ ಕಡೆ ನೋಡದೆ ನನಗೆ ಹೇಳಿದರು: “ಹೊಲ ಹೋದಾಗ್ಲೂ ಹಿಂಗೇ ಸಾರ್. ಎಲ್ಲಾ ಮುಗಿದ್ಮೇಲೆ, ತಕರಾರು ಇದ್ರೆ ಹೇಳಿ ಅಂತ ನೋಟೀಸ್ ಬಂತು.”

ಕಾಗದವೇ ಆಗಿಲ್ಲ, ಎಲೆ ಅಡಿಕೆ ಹಿಂದಿರುಗಿಸಬಹುದು ಎಂದು ವಾದಿಸಿದೆ. ಮುನಿಸ್ವಾಮಪ್ಪನವರು ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಿಕೊಟ್ಟರೇ ಹೊರತು ಮಾತು ಬದಲಿಸಲಿಲ್ಲ. ಕೊಂಡರು. ಮುಂದಿನ ಯುಗಾದಿಯ ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಯಂತ್ರಗಳು ಗುಜರಿಯವರ ಪಾಲಾದವು.

ಅದಾದ ಮೇಲೆ ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ ಯಂತ್ರದ ಬಗ್ಗೆ ಇರುತ್ತಿರಲಿಲ್ಲ. “ಮಾತು ಕೊಟ್ಟಾಗಿದೆಯೇ?” ಎಂದು ಕೇಳುತ್ತಿದ್ದೆ. ಆಗಿದೆ ಎಂದವರಿಗೆ, ಹಾಗಾದರೆ ನಾಳೆ ಮನೆಯಾಕೆಯನ್ನೂ ಕರೆದುಕೊಂಡು ಬನ್ನಿ, ಇಬ್ಬರ ಎದುರಿಗೇ ಮಾತಾಡೋಣ ಎನ್ನುತ್ತಿದ್ದೆ. ಕೆಲವರು ಕರೆತಂದರು. ಹೆಚ್ಚಿನವರು ಬೇರೆ ಮೌಲ್ಯಮಾಪಕರನ್ನು ಹುಡುಕಿಕೊಂಡರು.