ಗಂಜಿ ತೂಗಿದವಳು

ನಿನ್ನೆ ನೀವು ಎಂತ ಉಂಡ್ರಿ? ಸುಳ್ಳು ಹೇಳಬೇಡಿ, ಅವಳಾಗಿದ್ದರೆ ಹಿಡಿದುಬಿಡುತ್ತಿದ್ದಳು!

ಹೊನ್ನಾವರದ ಆ ಸಂಶೋಧಕಿ ನಮ್ಮ ಕಾಗಾಲದ ಮನೆಮನೆಯಲ್ಲೂ ಇದೇ ಪ್ರಶ್ನೆ ಕೇಳುತ್ತಿದ್ದಳು. ನನ್ನ ಅಮ್ಮನಿಗೆ, ಅಣ್ಣನಿಗೆ, ನನಗೆ, ಎಲ್ಲರಿಗೂ ಸಕ್ಕರೆ ಕಾಯಿಲೆ. ಅದು ರಕ್ತದಲ್ಲಿ ಇಳಿದು ಬಂದದ್ದೋ, ತಟ್ಟೆಯಿಂದ ಬಂದದ್ದೋ ಎಂಬುದೇ ಅವಳ ಹುಡುಕಾಟ. ರಕ್ತ ತೆಗೆದುಕೊಂಡ ಮೇಲೆ ನಮ್ಮ ಊಟವನ್ನೂ ಉಸಿರು ಬಿಗಿಹಿಡಿದು ತೂಗುತ್ತಿದ್ದಳು.

ಅವಳು ಬರುವ ದಿನ ನಮಗೆ ಮೊದಲೇ ಗೊತ್ತಿರುತ್ತಿತ್ತು. ಮನೆಗೆ ಬಂದವಳ ಎದುರು ಗಂಜಿ, ಒಣಮೀನು ಇಡುವುದುಂಟೇ? ಎಲ್ಲರೂ ದುಬಾರಿಯ ಇಸ್ವಾಣ ಮೀನು ಹುರಿದು, ಪಾಯಸ ಮಾಡಿ ತೂಗಲು ಕೊಟ್ಟೆವು.

ಹದಿನೈದು ದಿನವಾದ ಮೇಲೆ, "ಅಜ್ಜಿ, ಈ ಊರಲ್ಲಿ ದಿನಾ ಪಾಯಸವಾ?" ಎಂದಳು. ನಾನು ನಕ್ಕು ನಿಜ ಹೇಳಿದೆ.

"ಇದನ್ನ ಇಟ್ಕಂಡ್ರೆ ನಿಮ್ಮ ಕಾಯಿಲೆ ಬಗ್ಗೆ ಸುಳ್ಳು ಬರ್ದಂಗೆ ಆತು" ಎಂದು, ಬರೆದದ್ದಕ್ಕೆಲ್ಲ ನನ್ನೆದುರೇ ಅಡ್ಡಗೆರೆ ಎಳೆದಳು. ಅಷ್ಟು ದಿನದ ಕೆಲಸ! ಪಾಪ ಅನ್ನಿಸಿದರೂ ಅವಳ ಬಗ್ಗೆ ಹೆಮ್ಮೆ ಉಕ್ಕಿತು.

ಮರುದಿನ ಹೇಳದೆ ಕೇಳದೆ ಹಿತ್ತಿಲ ಬಾಗಿಲಿಂದ ಬಂದಳು.

"ಇಷ್ಟೆಲ್ಲ ಓದಿದ್ದು ನನ್ನ ಗಂಜಿ ತೂಗ್ಲಿಕ್ಕಾ ಮಾರಾಯ್ತಿ?" ಎಂದು ಕೆಣಕಿದೆ.

"ಹೌದಜ್ಜಿ. ಪಾಯಸದ ಲೆಕ್ಕ ಎಲ್ಲ ಪುಸ್ತಕದಲ್ಲೂ ಅದೆ, ನಿಮ್ಮ ಗಂಜಿದು ಎಲ್ಲೂ ಇಲ್ಲ. ಬಟ್ಟಲು ಇತ್ಲಾಗೆ ತನ್ನಿ!"