ತಗ್ಗಿನ ಗದ್ದೆಯ ಹೊಸಕ್ಕಿ

ಮೊನ್ನೆ ತಾರಸಿಯ ಹೂಕುಂಡಗಳಿಗೆಂದು ಬಕೆಟ್ಟಿನಲ್ಲಿ ಹೊಂಗೆ ಸೊಪ್ಪು ನೆನೆಹಾಕಿದ್ದಿರಲ್ಲ ಮಕ್ಕಳೇ, ಅದು ಕೊಳೆತ ವಾಸನೆಗೆ ನೀವೆಲ್ಲ ಮೂಗು ಮುಚ್ಚಿಕೊಂಡು ಓಡಿದಿರಿ. ನಾನು ಅಲ್ಲೇ ನಿಂತುಬಿಟ್ಟೆ. ಅದು ನಮ್ಮತ್ತೆಯ ಸೆರಗಿನ ವಾಸನೆ...

ನಿಮ್ಮ ತಾತನ ತಾಯಿ ಅವರು. ತಾತ ಇದ್ದಿದ್ದರೆ ಇದನ್ನೆಲ್ಲ ಅವರೇ ಹೇಳುತ್ತಿದ್ದರು. ನಾನು ಮದುವೆಯಾಗಿ ಹೋದಾಗ ನಾಲೆ ಬದಿಯ ನಮ್ಮ ತಗ್ಗಿನ ಗದ್ದೆ ಚೌಳು ಹಿಡಿದಿತ್ತು. ನಾಲೆಗೆ ನೀರು ಬಂತೆಂದರೆ ಊರಿನವರು ಗದ್ದೆಗೆ ನೀರು ಹಾಯುವ ಮಡೆ ತೆಗೆದು ಹಾಗೇ ಬಿಟ್ಟುಬಿಡುತ್ತಿದ್ದರು. ನೀರು ನಿಂತೂ ನಿಂತೂ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಏಳುತ್ತಿತ್ತು. ನಿಂತ ನೀರು ಹರಿದುಹೋಗಲೆಂದು ಅತ್ತೆ ಬದುವಿನ ಪಕ್ಕ ಬಸಿಗಾಲುವೆ ತೋಡಿದರು. ಹೊಂಗೆ ಸೊಪ್ಪು ಹೊತ್ತು ತಂದು ಕೆಸರಿಗೆ ತುಳಿದರು, ನಾನೂ ತುಳಿದೆ. ನಾಟಿಯಾದ ಮೇಲೆ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಆರುತ್ತ ಬಂದಾಗಷ್ಟೇ ನೀರು ಬಿಡುತ್ತಿದ್ದರು.

ಪಕ್ಕದ ಗದ್ದೆಯವರೊಬ್ಬರು, ಊರ ವರಸೆಯಲ್ಲಿ ನನಗೆ ಮಾವ, ರೇಗಿಸುತ್ತಿದ್ದರು. “ಅಕ್ಕೋ, ಪೈರ್ಗೂ ಉಪಾಸ ಆಕ್ಬುಟ್ಟಲ್ಲ!”

“ನಿನ್ ಗದ್ದೆ ಕುಡ್ದೂ ಕುಡ್ದೂ ಒಟ್ಟೆ ಉಬ್ಬುಸ್ಕೊಂಡದೆ, ಮೊದ್ಲು ಅದ್ನ ನೋಡೋಗು,” ಎನ್ನುತ್ತಿದ್ದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಈ ಗದ್ದೆ ಹೊಸಕ್ಕೀಲಿ ಒಂದ್ ತುತ್ತು ಉಂಡ್ಬುಟ್ರೆ ಸಾಕು ಕಣಮ್ಮಿ.”

ಕೆಲವು ವರ್ಷ ಬರೀ ಜೊಳ್ಳು ಕೊಯ್ದ ಮೇಲೆ ಪೈರು ಕರ್ರಗೆ, ಹುಲುಸಾಗಿ ಎದ್ದಿತು. ತೆನೆ ಬಲಿತು ಬಾಗಿದಾಗ, ಇನ್ನು ನೀರು ಬೇಡವೆಂದು ಅತ್ತೆ ಮಡೆ ಕಟ್ಟಿ ಬಂದರು. ಆ ವಾರವೇ ಜ್ವರ ಹಿಡಿಯಿತು. ಹೋಗಿಬಿಟ್ಟರು...

ಸಾವಾದ ಮನೆಯವರು ತಿಥಿ ಮುಗಿಯುವವರೆಗೆ ಗದ್ದೆಗೆ ಇಳಿಯುವಂತಿರಲಿಲ್ಲ. ಅಕ್ಕಪಕ್ಕದವರೇ ನೋಡಿಕೊಳ್ಳಬೇಕು. ಬಿರುಕು ಬಿಟ್ಟ ಮಣ್ಣು ಕಂಡು ಆ ಮಾವನಿಗೆ ಕರುಳು ಚುರ್ರೆಂದಿರಬೇಕು. ಮಡೆ ತೆಗೆದು, ಬಸಿಗಾಲುವೆಗೆ ಮಣ್ಣು ಮುಚ್ಚಿ, ಗದ್ದೆ ತುಂಬ ನೀರು ನಿಲ್ಲಿಸಿದ್ದರು. ತಿಥಿ ಮುಗಿಸಿ ಹೋದರೆ ಪೈರೆಲ್ಲ ನೀರಿಗೆ ಮಲಗಿತ್ತು. ತೆನೆಯಲ್ಲೇ ಮೊಳಕೆ ಬಂದಿತ್ತು.

“ಅಕ್ಕನ್ ಗದ್ದೆ ಒಣಗ್ಬಾರ್ದು ಅಂತ ಮಾಡ್ಬುಟ್ಟೆ ಕಣವ್ವ...” ಎಂದು ಅವರು ಬದುವಿನ ಮೇಲೆ ಕುಸಿದು ಅತ್ತರು. ಅವರನ್ನು ಏನೆಂದು ಬೈಯಲಿ?

ಬದುವಿನ ಅಂಚಿಗೆ ಒಂದಿಷ್ಟು ತೆನೆ ನಿಂತಿತ್ತು. ಕೊಯ್ದು ಒಣಗಿಸಿ, ಕುಟ್ಟಿ ಅನ್ನ ಮಾಡಿ, ಅತ್ತೆಯ ಸಮಾಧಿಯ ಮುಂದೆ ಎಡೆ ಇಟ್ಟೆ. ಕಾಗೆ ಬಂದು ಮುಟ್ಟಿತು. ಎಲ್ಲರಿಗೂ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಇವತ್ತು ಬೆಳಿಗ್ಗೆ, ನೀವು ಹೊಂಗೆ ನೀರು ಹಾಕಿದ್ದ ಕುಂಡದ ಮಣ್ಣಿಗೆ ಬೆರಳು ಚುಚ್ಚಿದೆ. ಒಳಗೆ ಇನ್ನೂ ಒದ್ದೆಯಿತ್ತು. ನೀರಿನ ಚೊಂಬನ್ನು ಪಕ್ಕಕ್ಕಿಟ್ಟೆ. ಊಟದ ಹೊತ್ತಿಗೂ ಬೆರಳಿನಿಂದ ಹೊಂಗೆಯ ವಾಸನೆ ಹೋಗಿರಲಿಲ್ಲ. ಮೊದಲ ತುತ್ತು ಕೈಯಲ್ಲೇ ಉಳಿಯಿತು. ಯಾಕಜ್ಜಿ ಎಂದು ನೀವು ಕೇಳಿದಿರಿ. ಅದಕ್ಕೇ ಈಗ ಇದನ್ನೆಲ್ಲ ಹೇಳಿದೆ.