ಚಿಕ್ಕಪ್ಪನನ್ನು ಹುಡುಕಿದ ಎರಡು ಪಕ್ಷಗಳು

ಮನೆಯ ಹಿರಿಯರೊಬ್ಬರು ಕಾಣೆಯಾದಾಗ ನಿಮಗೆ ಬೇಕಾಗುವುದು ಅವರೋ, ಅವರ ಬಗ್ಗೆ ನೀವಾಡಿದ ಮಾತು ನಿಜವಾಗುವುದೋ?

ಅಪ್ಪ ತೀರಿಕೊಂಡ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವರು ಚಿಕ್ಕಪ್ಪ. ಬ್ಯಾಂಕಿನ ವರ್ಗಾವಣೆಯಲ್ಲಿ ಅಹಮದಾಬಾದಿಗೆ ಬಂದವರು ನಿವೃತ್ತಿಯ ನಂತರವೂ ಅಲ್ಲಿನ ವಸ್ತ್ರಾಪುರ ಬಡಾವಣೆಯಲ್ಲೇ ಉಳಿದರು. ನಾವು ಚಿಕ್ಕವರಿದ್ದಾಗ ಭಾನುವಾರ ಊಟವಾದ ಮೇಲೆ ಒಂದು ವಿಷಯ ಕೊಟ್ಟು ನಮ್ಮಲ್ಲಿ ಒಬ್ಬರನ್ನು ಪರವಾಗಿ, ಇನ್ನೊಬ್ಬರನ್ನು ವಿರೋಧವಾಗಿ ನಿಲ್ಲಿಸುತ್ತಿದ್ದರು. ಎದುರಾಳಿಯ ಸಾಕ್ಷಿಯನ್ನು ಕೆಡವುವ ವಿದ್ಯೆಯನ್ನು ಕಲಿತದ್ದು ಅಲ್ಲೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಚಪ್ಪಾಳೆ ಬೀಳುತ್ತಿದ್ದುದೂ ಅದಕ್ಕೇ.

ಕಳೆದ ಚಳಿಗಾಲ ಅವರು ಕಾಣೆಯಾದರು. ಸೂರತ್ ಬಳಿಯ ಹಜೀರಾ ಕಾಲೊನಿಯಿಂದ ಅಕ್ಕ, ವಡೋದರದಿಂದ ನಾನು ಓಡಿಬಂದೆವು.

"ಅವರಿಗೆ ಮರೆವು ಶುರುವಾಗಿತ್ತು ಕಣೇ ಅಕ್ಕ. ಎಲ್ಲೋ ದಾರಿ ತಪ್ಪಿದ್ದಾರೆ."

"ಮರೆವಂತೆ ಮರೆವು! ಬೇಜಾರಾಗಿ ತಾವೇ ಹೊರಟುಹೋಗಿದ್ದಾರೆ. ನೋಡೋಕೆ ನೀನು ಎಷ್ಟು ಸಲ ಬಂದಿದ್ಯೋ?"

"ನೀನು ಬಂದಿದ್ಯೇನೇ, ಮಹಾರಾಯ್ತಿ?"

ಹುಡುಕಾಟ ಅಲ್ಲಿಗೇ ಇಬ್ಭಾಗವಾಯಿತು. ಅವಳು ಆಶ್ರಮಗಳನ್ನು ಸುತ್ತಿದಳು, ನಾನು ಆಸ್ಪತ್ರೆಗಳನ್ನು. ಪೊಲೀಸರಿಗೂ ಬೇರೆ ಬೇರೆ ದಿನ ಹೇಳಿಕೆ ಕೊಟ್ಟೆವು.

ವಾರಗಳು ಕಳೆದ ಮೇಲೆ ಅಧಿಕಾರಿಯೊಬ್ಬರು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಚಿಕ್ಕಪ್ಪನನ್ನು ಯಾರಾದರೂ ನೋಡಿದ್ದರೇ ಎಂದು ಕೇಳಿದರು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲ ಹಿಡಿದು ಆಟೋ ಹತ್ತಿದ್ದನ್ನು ಪಕ್ಕದ ಮನೆಯಾಕೆ ಕಂಡಿದ್ದಾರಂತೆ, ಆದರೆ ಆಕೆಗೆ ಕಣ್ಣು ಮಂಜು, ಆ ಮಾತಿಗೆ ಬೆಲೆಯಿಲ್ಲ ಎಂದೆ.

ಅಕ್ಕ ನನ್ನತ್ತ ತಿರುಗಿದಳು. "ಚೀಲ ತಗೊಂಡಿದ್ರಾ? ಯಾಕೋ ನನಗೆ ಹೇಳಲಿಲ್ಲ?"

ಆಮೇಲೆ ತಾನು ಕೇಳಿದ್ದನ್ನೂ ಹೇಳಿದಳು. ಸೂರತ್ ರೈಲು ನಿಲ್ದಾಣದ ಚಹಾದವನೊಬ್ಬ ಫೋಟೊ ಗುರುತಿಸಿದ್ದನಂತೆ. ಈ ಮುದುಕರು ಹಜೀರಾಕ್ಕೆ ದಾರಿ ಕೇಳಿದರು, ಚಹಾ ಮುಗಿಯುವಷ್ಟರಲ್ಲಿ ಮತ್ತೆ ಕೇಳಿದರು, ಮತ್ತೂ ಕೇಳಿದರು ಎಂದಿದ್ದನಂತೆ. ದಿನಕ್ಕೆ ಸಾವಿರ ಮುಖ ನೋಡುವವನ ನೆನಪೇನು ಎಂದು ಅಕ್ಕ ಅದನ್ನು ತಳ್ಳಿಹಾಕಿದ್ದಳು.

"ಅರೇ ಭಾಯ್, ವೋ ತೋ ಬೇಟಿ ಕೇ ಘರ್ ಜಾ ರಹೇ ಥೇ," ಎಂದರು ಅಧಿಕಾರಿ.

ಹೌದು, ಚಿಕ್ಕಪ್ಪ ತಾವಾಗಿಯೇ ಅಕ್ಕನ ಮನೆಗೆ ಹೊರಟಿದ್ದರು. ಹೊರಟವರಿಗೆ ದಾರಿ ಮರೆತಿತ್ತು. ಇಬ್ಬರ ವಾದವೂ ಸರಿಯಾಗಿತ್ತು. ಅಷ್ಟರಲ್ಲಿ ನಿಲ್ದಾಣದ ಕ್ಯಾಮೆರಾದ ದೃಶ್ಯಗಳು ಅಳಿಸಿಹೋಗಿದ್ದವು. ಅವರು ಯಾವ ಕಡೆಗೆ ನಡೆದರೆಂಬುದು ಚಹಾದವನಿಗೆ ನೆನಪಿರಲಿಲ್ಲ.

ಅವರು ಇಂದಿಗೂ ಸಿಕ್ಕಿಲ್ಲ. ಹಿರಿಯರ ಆರೈಕೆಯ ಕುರಿತು ನಾನು ಈಗಲೂ ಸಭೆಗಳಲ್ಲಿ ಮಾತನಾಡುತ್ತೇನೆ. ಸಭೆ ತಲೆದೂಗುತ್ತದೆ, ನನಗೇ ನನ್ನ ಮಾತಿನಲ್ಲಿ ನಂಬಿಕೆ ಉಳಿದಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಕಾಣೆಯಾದರೆ, ಅದೇ ದಿನ ಎಲ್ಲರೂ ಒಟ್ಟಾಗಿ ಠಾಣೆಗೆ ಹೋಗಿ. ಕೇಳಿದ್ದನ್ನೆಲ್ಲ ಹೇಳಿ, ನಿಮಗೆ ಸುಳ್ಳೆನಿಸಿದ್ದನ್ನೂ ಹೇಳಿ.